ನದೀವಾಣಿಜ್ಯದ ಕಸಬುಲೇಖಗಳೂ ಪೂರ್ವಿಕರ ಅನ್ವೇಷಣೆಯೂ

ತನ್ನ ಹಿರಿಯರು ಯಾರೆಂದು ಅರಿಯಬಯಸುವುದು ಮನುಷ್ಯನಿಗೆ ಸಹಜವಾದ ಪ್ರವೃತ್ತಿಯು. ತಂದೆಯ ಹೆಸರನ್ನು ಎಲ್ಲರೂ ಬಲ್ಲರು. ತಾತನ ಹೆಸರನ್ನು ಬಹುಮಂದಿ ಬಲ್ಲರು. ಮುತ್ತಾತನ ತಂದೆಯ ಹೆಸರನ್ನು ಹೇಳಬಲ್ಲವರು ವಿರಳ. ಹುಟ್ಟೂರನ್ನು ಬಿಟ್ಟು ಪಟ್ಟಣವನ್ನು ಸೇರಿದ ಕುಟುಂಬಗಳಲ್ಲಂತೂ ಈ ಮರೆವು ಬೇಗನೆ ಕವಿಯುತ್ತದೆ. ಬೆಂಗಳೂರಿನ ರೈಲ್ವೆ ನಿಲ್ದಾಣದ ಮಗ್ಗುಲಲ್ಲಿರುವ ಓಕಳಿಪುರಂ, ಅದಕ್ಕೆ ಸಮೀಪವಾದ ಮಲ್ಲೇಶ್ವರ, ಹಳೆಯ ಪೇಟೆಯಾಚೆಯ ಚಾಮರಾಜಪೇಟೆ, ಬಸವನಗುಡಿ ಮೊದಲಾದ ಭಾಗಗಳಲ್ಲಿ ನಾನಾ ಸೀಮೆಗಳಿಂದ ಬಂದವರು ನೆಲೆಸಿದ್ದಾರೆ. ಇಂತಹ ಮನೆಗಳಲ್ಲಿ ಹಿರಿಯರ ವಿಷಯವಾಗಿ “ನಮ್ಮವರು ಹೊಳೆಯ ಕಡೆಯಿಂದ ಬಂದವರು, ವ್ಯಾಪಾರದವರು” ಎಂಬ ಒಂದೇ ಮಾತು ಉಳಿದಿರುವುದುಂಟು. ಆ ಒಂದು ಮಾತನ್ನು ಹಿಡಿದು ಹಿಂದಕ್ಕೆ ನಡೆಯುವ ಹಾದಿ ಯಾವುದೆಂಬುದೇ ಪ್ರಕೃತ ವಿಚಾರವು.

ವಂಶವೆಂಬುದು ಎರಡು ಬಗೆಯೆಂದು ವೈಯಾಕರಣರು ಹೇಳುವರು: ಜನ್ಮದಿಂದ ಸಾಗಿಬಂದುದೊಂದು, ವಿದ್ಯೆಯಿಂದ ಸಾಗಿಬಂದುದು ಇನ್ನೊಂದು. ಪೂರ್ವಿಕರನ್ನು ಅರಸುವವರು ಸಾಮಾನ್ಯವಾಗಿ ಮೊದಲನೆಯದನ್ನೇ ಅರಸುತ್ತಾರೆ. ಆದರೆ ಸಾಮಾನ್ಯ ಜನರ ವಿಷಯದಲ್ಲಿ ಎರಡನೆಯದರ ಗುರುತುಗಳೇ ಕೆಲವೆಡೆ ಹೆಚ್ಚು ಸ್ಥಿರವಾಗಿ ಉಳಿದಿವೆ. ಯಾರು ಯಾರಿಂದ ಯಾವ ಕಸಬನ್ನು ಕಲಿತರೆಂಬ ಬರಹವು ಹುಟ್ಟಿನ ಬರಹವಿಲ್ಲದಲ್ಲಿಯೂ ದೊರೆಯುವುದುಂಟು.

ಇದಕ್ಕೆ ಪ್ರಸಿದ್ಧ ನಿದರ್ಶನವು ಲಂಡನ್ ನಗರದ ಥೇಮ್ಸ್ ನದಿಯದು. ಆ ನದಿಯಲ್ಲಿ ಜನರನ್ನು ದಾಟಿಸುವ ಅಂಬಿಗರನ್ನು ನಿಯಮಕ್ಕೆ ಒಳಪಡಿಸಲು ೧೫೫೫ರಲ್ಲಿ ಶಾಸನಸಭೆಯು ಒಂದು ಕಾನೂನನ್ನು ಮಾಡಿತು. ಸರಕನ್ನು ಸಾಗಿಸುವ ದೋಣಿಯವರು ೧೭೦೦ರಲ್ಲಿ ಅದೇ ಸಂಘಕ್ಕೆ ಸೇರಿದರು. ಕಸಬನ್ನು ಕಲಿಯಬಂದ ಹುಡುಗನನ್ನು ಒಬ್ಬ ಯಜಮಾನನಿಗೆ ಏಳು ವರ್ಷಗಳ ಕಾಲ ಕರಾರಿನ ಮೂಲಕ ಒಪ್ಪಿಸುವುದು ಅಲ್ಲಿಯ ವಾಡಿಕೆಯಾಯಿತು. ೧೬೬೬ರ ಮಹಾಗ್ನಿಯಲ್ಲಿ ಸಂಘದ ಭವನವು ಸುಟ್ಟುಹೋಯಿತು. ಆದರೆ ೧೬೮೮ರಿಂದೀಚಿನ ಕರಾರು ಪುಸ್ತಕಗಳು ಉಳಿದಿವೆ. ಹುಡುಗನ ಹೆಸರು, ಅವನ ಊರು, ಯಜಮಾನನ ಹೆಸರು, ಒಪ್ಪಿಸಿದ ದಿನ, ಕಲಿಕೆ ಮುಗಿದು ಸ್ವತಂತ್ರನಾದ ದಿನ ಇವು ಅವುಗಳಲ್ಲಿ ಕಾಣುವ ಸಂಗತಿಗಳು.

ಬರಹವು ಒಂದೆರಡು ಸಾಲಿನದು. ಆದರೆ ಅದರ ಫಲವು ದೊಡ್ಡದು. ಹುಡುಗನ ಯಜಮಾನನೂ ಒಂದು ಕಾಲದಲ್ಲಿ ಹುಡುಗನಾಗಿಯೇ ಆ ಪುಸ್ತಕವನ್ನು ಹೊಕ್ಕವನು. ಅವನ ಹೆಸರನ್ನು ಹಿಂದಿನ ಪುಟಗಳಲ್ಲಿ ಹುಡುಕಿದರೆ ಅವನ ಯಜಮಾನನು ಸಿಗುತ್ತಾನೆ. ತಂದೆಯೇ ಮಗನಿಗೆ ಯಜಮಾನನಾಗಿದ್ದಲ್ಲಿ ಜನ್ಮವಂಶವೂ ವಿದ್ಯಾವಂಶವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಭೂಮಿಯಿಲ್ಲದ, ಬಿರುದಿಲ್ಲದ, ಯಾವ ಚರಿತ್ರೆಯ ಗ್ರಂಥದಲ್ಲಿಯೂ ಹೆಸರಿಲ್ಲದ ಅಂಬಿಗನ ಮಗನನ್ನು ಇಂದಿನ ಅವನ ಸಂತತಿಯವರು ಆ ಪುಸ್ತಕಗಳಿಂದ ಗುರುತಿಸುತ್ತಾರೆ. ರಾಜರ ವಂಶಾವಳಿಗೆ ಕವಿಗಳುಂಟು. ಅಂಬಿಗನ ವಂಶಾವಳಿಗೆ ಲೆಕ್ಕದ ಪುಸ್ತಕವೇ ಕಾವ್ಯವು.

ಕನ್ನಡನಾಡಿನ ನದಿಗಳ ಸ್ವಭಾವವು ಬೇರೆ. ಕೃಷ್ಣಾ, ತುಂಗಭದ್ರಾ, ಮಲಪ್ರಭಾ ನದಿಗಳು ಮಳೆಗಾಲದಲ್ಲಿ ಉಕ್ಕುತ್ತವೆ, ಬೇಸಗೆಯಲ್ಲಿ ಬಂಡೆಗಳನ್ನು ತೋರಿಸುತ್ತವೆ. ಆದುದರಿಂದ ಬಯಲುಸೀಮೆಯಲ್ಲಿ ನದೀವಾಣಿಜ್ಯವೆಂದರೆ ಬಹುಮಟ್ಟಿಗೆ ಹೊಳೆಯನ್ನು ದಾಟಿಸುವ ವ್ಯವಹಾರವೇ. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗಲ್ ದೇಶದ ಡೊಮಿಂಗೊ ಪಾಯಸ್ ಎಂಬವನು ಇಲ್ಲಿಯ ಹರಿಗೋಲನ್ನು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗಿದ್ದು, ಒಳಗೆ ಬೆತ್ತ, ಹೊರಗೆ ಚರ್ಮ ಉಳ್ಳ ಈ ದೋಣಿಯು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿತ್ತೆಂದೂ ತಿರುಗುತ್ತ ತಿರುಗುತ್ತ ಸಾಗುತ್ತಿತ್ತೆಂದೂ ಅವನ ಬರಹದಿಂದ ತಿಳಿಯುತ್ತದೆ. ಬುಟ್ಟಿ ಹೆಣೆಯುವವನ ಕೈ, ಚರ್ಮ ಹದಮಾಡುವವನ ಕೈ, ಹುಟ್ಟು ಹಾಕುವವನ ಕೈ ಈ ಮೂರು ಕೂಡದೆ ಹರಿಗೋಲಿಲ್ಲ. ಮೇದಾರ ಕೇತಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ ಎಂಬ ಮೂವರು ಶರಣರ ಕಾಯಕಗಳು ಒಂದು ಹರಿಗೋಲಿನಲ್ಲಿ ಸಮಾವೇಶಗೊಳ್ಳುತ್ತವೆ.

ಘಟ್ಟದ ಕೆಳಗಣ ನದಿಗಳ ರೀತಿ ಇನ್ನೊಂದು. ಶರಾವತಿಯಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಗಳು ಒಳನಾಡಿಗೆ ಏರುತ್ತಿದ್ದುವು, ಮೆಣಸು ಇಳಿದುಬರುತ್ತಿತ್ತು. ಕೆಳದಿಯ ವೀರಶೈವ ಅರಸರ ಕಾಲದಲ್ಲಿ ಬಸರೂರಿನ ಅಕ್ಕಿಯು ಗೋವೆಗೆ ಹೋಗುತ್ತಿತ್ತು. ಪೋರ್ಚುಗೀಸರೊಡನೆ ೧೬೭೮ರಲ್ಲಿಯೂ ೧೭೧೪ರಲ್ಲಿಯೂ ಕೆಳದಿಯವರು ಒಪ್ಪಂದಗಳನ್ನು ಮಾಡಿಕೊಂಡರು. ತರುವಾಯ ೧೮೬೧ರಿಂದ ೧೮೬೫ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯು ದುರ್ಲಭವಾದಾಗ ಧಾರವಾಡ ಸೀಮೆಯ ಹತ್ತಿಗೆ ವಿಶೇಷ ಬೇಡಿಕೆ ಬಂದಿತು. ಅದು ಘಟ್ಟವನ್ನಿಳಿದು ಕುಮಟೆಯ ರೇವನ್ನು ಸೇರುತ್ತಿದ್ದುದರಿಂದ ದೂರದೇಶಗಳಲ್ಲಿ ‘ಕುಮಟೆಯ ಹತ್ತಿ’ಯೆಂದೇ ಹೆಸರಾಯಿತು. ೧೮೮೮ರ ಸುಮಾರಿಗೆ ಮರ್ಮಗೋವೆಗೆ ರೈಲುಹಾದಿಯಾದ ಮೇಲೆ ಆ ವ್ಯಾಪಾರವು ಅತ್ತ ತಿರುಗಿತು. ಹಳೆಯ ಹಾದಿಯನ್ನು ನಂಬಿದ್ದವರು ಬೇರೆ ಊರುಗಳನ್ನು ನೋಡಿಕೊಳ್ಳಬೇಕಾಯಿತು.

ಇಷ್ಟೊಂದು ವಾಣಿಜ್ಯವು ನಡೆದ ನಾಡಿನಲ್ಲಿ ಥೇಮ್ಸ್ ನದಿಯದರಂತಹ ಕರಾರು ಪುಸ್ತಕಗಳ ಸಾಲನ್ನು ಎದುರು ನೋಡಲಾಗದು. ಅಂಬಿಗನ ಮಗನು ತಂದೆಯ ಬೆನ್ನ ಹಿಂದೆ ನಿಂತು ಸುಳಿಯನ್ನೂ ಮಡುವನ್ನೂ ಗುರುತಿಸಲು ಕಲಿತನು. ವರ್ತಕನ ಮಗನು ಸೋದರಮಾವನ ಅಂಗಡಿಯಲ್ಲಿ ಕುಳಿತು ಕೊಳಗವನ್ನೂ ಕಿರ್ದಿಯನ್ನೂ ಕಲಿತನು. ಬಾಯ ಮಾತೇ ಕರಾರು, ಗುರುವಿನ ಮನೆಯ ಅನ್ನವೇ ಮುದ್ರೆ. ಆದರೂ ಗುರುತುಗಳು ಇಲ್ಲವೆಂದಲ್ಲ. ಅವು ಒಂದೆಡೆ ಇಲ್ಲದೆ ನಾಲ್ಕೆಡೆ ಚದರಿವೆ.

ಮೊದಲನೆಯದು ಶಿಲಾಶಾಸನ. ಮಲಪ್ರಭೆಯ ತೀರದ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದ ಉಲ್ಲೇಖಗಳು ಕರ್ಣಾಟಕದ ಶಾಸನಗಳಲ್ಲಿ ಹೇರಳವಾಗಿವೆ; ಸಮುದ್ರದಾಚೆ ಸುಮಾತ್ರ ದ್ವೀಪದಲ್ಲಿ ದೊರೆತ ೧೦೮೮ರ ತಮಿಳು ಶಾಸನವೊಂದರಲ್ಲಿಯೂ ಆ ಸಂಘದ ಹೆಸರಿದೆ. ತುಂಗಭದ್ರೆಯ ತೀರದ ಚೌಡದಾನಪುರದ ಮುಕ್ತೇಶ್ವರ ದೇವಾಲಯದ ಶಾಸನಗಳು ೧೨೨೫ರಲ್ಲಿ ಅಲ್ಲಿಗೆ ಬಂದು ನೆಲೆಸಿದ ಶಿವದೇವರೆಂಬ ಯತಿಯನ್ನು ಸ್ಮರಿಸುತ್ತವೆ. ಆ ಊರಿನ ಹೆಸರಾದರೋ ಅಂಬಿಗರ ಚೌಡಯ್ಯನನ್ನು ಸ್ಮರಿಸುತ್ತದೆ. ಹುಟ್ಟು ಹಾಕುವವನ ಹೆಸರು ಊರಿಗೇ ನಿಂತುದು ಅಲ್ಪವಾದ ಸಂಗತಿಯಲ್ಲ.

ಎರಡನೆಯದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಪದರ ಪದರವಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವಿದು. ಮಠಗಳೂ ಅರಮನೆಗಳೂ ವರ್ತಕರೂ ಇದನ್ನು ಬಳಸಿದರು. ಒರಸಿ ಮತ್ತೆ ಬರೆಯಬಹುದಾದುದು ವರ್ತಕನಿಗೆ ಅನುಕೂಲವಾಯಿತು, ಇತಿಹಾಸಕ್ಕೆ ನಷ್ಟವಾಯಿತು. ಒರಸದೆ ಉಳಿದ ಲೆಕ್ಕಗಳಲ್ಲಿ ಸರಕಿನ ಬೆಲೆಯನ್ನಷ್ಟೇ ನೋಡಿ ಮುಚ್ಚಬಾರದು. ಅಂಗಡಿಯ ಹುಡುಗನಿಗೆಂದು ಕೊಟ್ಟ ಪಂಚೆಯ ಲೆಕ್ಕ, ಹಬ್ಬದ ಇನಾಮು, ಇಂಥವನ ಮಗನೆಂಬ ಒಂದು ಮಾತು ಎಲ್ಲಿಯಾದರೂ ದೊರೆತರೆ ಅದೇ ಕನ್ನಡನಾಡಿನ ಕಸಬುಲೇಖವು. ಪೇಶ್ವೆಯರ ಆಡಳಿತಕ್ಕೆ ಒಳಪಟ್ಟಿದ್ದ ಉತ್ತರದ ಸೀಮೆಗಳಲ್ಲಿ ಮೋಡಿ ಲಿಪಿಯ ಕಾಗದಗಳೂ ಇರುವುದರಿಂದ ಆ ಲಿಪಿಯನ್ನು ಓದಬಲ್ಲವರ ನೆರವನ್ನು ಪಡೆಯುವುದು ಅವಶ್ಯಕ.

ಮೂರನೆಯದು ಹೆಳವರ ಪುಸ್ತಕ. ಬಸವನನ್ನೇರಿ ಘಂಟೆಯನ್ನು ಬಾರಿಸುತ್ತ ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುವ ಹೆಳವರನ್ನು ಹಳ್ಳಿಗಳಲ್ಲಿ ಬಾಳಿದವರು ಬಲ್ಲರು. ಮೂಲದ ಊರು, ವಲಸೆ, ಮಕ್ಕಳು, ಕವಲುಗಳು ಇವು ಅವರ ಬರಹದಲ್ಲಿರುತ್ತವೆ. ಆದರೆ ಎರಡು ಎಚ್ಚರಗಳು ಬೇಕು. ಅವುಗಳಲ್ಲಿ ಹೆಚ್ಚಾಗಿ ಗಂಡುಸಂತತಿಯ ಹೆಸರುಗಳೇ ಇರುವುದರಿಂದ ತಾಯಂದಿರ ಕಡೆಯು ಕತ್ತಲೆಯಲ್ಲಿ ಉಳಿಯುತ್ತದೆ. ಹೊಗಳಿಕೆಗೆ ಸೇರಿದ ಭಾಗವನ್ನು ಬೇರೆ ಆಧಾರದಿಂದ ಪರೀಕ್ಷಿಸಬೇಕಾಗುತ್ತದೆ.

ನಾಲ್ಕನೆಯದು ಮನೆತನದ ಹೆಸರೇ. ಅಂಗಡಿ, ಸುಂಕದ, ಹತ್ತಿ, ಅಕ್ಕಿ, ಉಪ್ಪಿನ, ಅಂಬಿಗೇರ ಎಂಬ ಉತ್ತರ ಕರ್ಣಾಟಕದ ಅಡ್ಡಹೆಸರುಗಳು ಕಸಬನ್ನು ಒಂದೇ ಪದದಲ್ಲಿ ಅಡಗಿಸಿಕೊಂಡ ದಾಖಲೆಗಳು. ಹಳೆಯ ಮೈಸೂರಿನ ಪದ್ಧತಿಯಲ್ಲಿ ಹೆಸರಿನ ಮೊದಲ ಅಕ್ಷರವು ಸಾಮಾನ್ಯವಾಗಿ ಊರನ್ನು ಸೂಚಿಸುತ್ತದೆ. ಓಕಳಿಪುರದ ಮನೆಯೊಂದರಲ್ಲಿ ಅಡ್ಡಹೆಸರು ಬಿಟ್ಟುಹೋಗಿ ಬರಿಯ ಅಕ್ಷರ ಉಳಿದಿದ್ದರೆ, ಮೊದಲು ಆ ಅಕ್ಷರದ ಊರನ್ನು ಗೊತ್ತುಮಾಡಬೇಕು; ಆ ಊರು ಯಾವ ಹೊಳೆಯ ದಡದಲ್ಲಿ, ಯಾವ ವ್ಯಾಪಾರದ ಹಾದಿಯಲ್ಲಿ ಇದ್ದಿತೆಂದು ನೋಡಬೇಕು; ಆ ಊರಿಗೆ ಬರುವ ಹೆಳವರನ್ನು ವಿಚಾರಿಸಬೇಕು; ಅವರು ಹೇಳಿದ ಹೆಸರನ್ನು ಅಲ್ಲಿಯ ಮಠದ, ಅಂಗಡಿಯ ಲೆಕ್ಕಗಳೊಡನೆ ತಾಳೆ ನೋಡಬೇಕು. ಎರಡು ಆಧಾರಗಳು ಕೂಡಿದಲ್ಲಿ ನಂಬಬೇಕು. ಒಂದೇ ಇದ್ದಲ್ಲಿ ಕಾಯಬೇಕು.

ಕಾಯುವುದಕ್ಕೂ ಮಿತಿಯುಂಟು. ೧೯೫೩ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಅನೇಕ ಗ್ರಾಮಗಳು ಮುಳುಗಿದುವು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟಾದ ಮೇಲೆ ಹಳೆಯ ಬಾಗಲಕೋಟೆಯ ಕೇರಿಗಳು ನೀರಿನ ಪಾಲಾಗಿ, ಜನರು ನವನಗರವನ್ನು ಸೇರಿದರು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಾನವನ್ನು ನೀರಿನ ನಡುವೆ ಗೋಡೆ ಕಟ್ಟಿ ರಕ್ಷಿಸಬೇಕಾಯಿತು. ಹೊಲಗಳಿಗೆ ನೀರು ಬಂದುದು ನಾಡಿನ ಭಾಗ್ಯವೇ ಸರಿ. ಆದರೆ ದೋಣಿ ಹತ್ತುತ್ತಿದ್ದ ತಾಣವೂ ಸುಂಕದ ಕಟ್ಟೆಯೂ ಹಿರಿಯರ ಅಂಗಡಿಯೂ ಇಲ್ಲವಾದ ಮೇಲೆ ಉಳಿಯುವುದು ಕಾಗದ ಮಾತ್ರ. ಆ ಕಾಗದವೋ, ಮನೆ ಬದಲಾಯಿಸುವಾಗ ರದ್ದಿಯವನ ತಕ್ಕಡಿಯನ್ನು ಏರುತ್ತದೆ. ಹೆಳವನು ಬಂದು ಘಂಟೆ ಬಾರಿಸಲು ಹಳೆಯ ಬಾಗಿಲಿಲ್ಲ. ಪಟ್ಟಣದ ಬಾಗಿಲು ಅವನಿಗೆ ತಿಳಿಯದು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಹುಟ್ಟಿನ ಹೆಮ್ಮೆಯನ್ನು ಅಲ್ಲಗಳೆದ ಶರಣರ ಮಾರ್ಗದಲ್ಲಿ ವಂಶವನ್ನು ಅರಸುವುದು ಉಚಿತವೇ? ಕುಲದ ಮೇಲ್ಮೆಯನ್ನು ಸಾಧಿಸಲು ಅರಸುವುದಾದರೆ ಉಚಿತವಲ್ಲ. ಆದರೆ ಶರಣರು ತಮ್ಮ ಕಾಯಕದ ಹೆಸರನ್ನು ಮರೆಮಾಚಲಿಲ್ಲ. ಅಂಬಿಗ, ಮೇದಾರ, ಸಮಗಾರ ಎಂಬುವನ್ನು ತಮ್ಮ ಹೆಸರಿನ ಮುಂದೆಯೇ ಧರಿಸಿದರು. ಕಸಬುಲೇಖವೂ ಮನುಷ್ಯನನ್ನು ಕೇಳುವುದು ಏನನ್ನು ಕಲಿತೆ, ಯಾರಿಂದ ಕಲಿತೆ ಎಂದೇ. ಮೇಲೆತ್ತಿ ಹೇಳುವ ವಂಶವನ್ನು ಹುಡುಕಹೊರಟವನಿಗೆ ಅದರಲ್ಲಿ ಹುಟ್ಟು ಹಾಕಿದ ಮುತ್ತಾತನು ಸಿಗಬಹುದು. ಆಗ ಆ ಹೆಸರನ್ನು ಮುಚ್ಚಿಡುವವನು ಹಿರಿಯರನ್ನು ಎರಡನೆಯ ಸಲ ಕಳೆದುಕೊಳ್ಳುತ್ತಾನೆ.

ವಿದ್ಯಾವಂಶದ ಬೆಲೆಯನ್ನು ತಿಳಿಯಲು ಓಕಳಿಪುರದವರು ದೂರ ಹೋಗಬೇಕಾಗಿಲ್ಲ. ರೈಲ್ವೆ ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರವಿದೆ. ೧೮೩೮ರಲ್ಲಿ ಜನಿಸಿದ ಆ ವರ್ತಕರು ಪೇಟೆಯಲ್ಲಿ ವ್ಯಾಪಾರದಿಂದ ಗಳಿಸಿದುದನ್ನು ಧರ್ಮಕ್ಕೆ ವಿನಿಯೋಗಿಸಿದರು. ೧೯೦೩ರಲ್ಲಿ ಛತ್ರವು ಆರಂಭವಾಯಿತು. ೧೯೧೦ರಲ್ಲಿ ಅವರು ಲಿಂಗೈಕ್ಯರಾದರು. ಅವರಿಗೆ ಮಕ್ಕಳಿರಲಿಲ್ಲ. ಹೆಳವನ ಪುಸ್ತಕದ ನ್ಯಾಯದಲ್ಲಿ ಆ ಸಾಲು ಅಲ್ಲಿಗೆ ನಿಲ್ಲುತ್ತದೆ. ಆದರೆ ಅವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿ ಬಾಳನ್ನು ಕಂಡವರನ್ನು ಎಣಿಸಿದರೆ ಅದಕ್ಕಿಂತ ವಿಸ್ತಾರವಾದ ಸಂತತಿಯು ವಿರಳ. ಹೆಸರಿನ ಮುಂದಿನ ‘ಗುಬ್ಬಿ’ಯು ಅವರ ಊರನ್ನು ಹೇಳುತ್ತದೆ, ಛತ್ರವು ಅವರ ಕಾಯಕವನ್ನು ಹೇಳುತ್ತದೆ.

ಆದುದರಿಂದ ಭಕ್ತಮಹಾಶಯರು ಮಾಡಬೇಕಾದ ಕೆಲಸವು ಕಷ್ಟಸಾಧ್ಯವಾದುದಲ್ಲ. ಮನೆಯ ಅಟ್ಟದಲ್ಲಿ ಹಳೆಯ ಕಡತವಾಗಲಿ ಲೆಕ್ಕದ ಪುಸ್ತಕವಾಗಲಿ ಇದ್ದರೆ ಅದನ್ನು ಮಾರದೆ, ಒಗೆಯದೆ, ಒರಸದೆ ಒಣಗಿದ ಜಾಗದಲ್ಲಿ ಇರಿಸಿ, ಬಲ್ಲವರಿಂದ ಓದಿಸಿ ಪ್ರತಿಮಾಡಿಸತಕ್ಕುದು. ಮನೆಯಲ್ಲಿ ವೃದ್ಧರಿದ್ದರೆ ಅವರು ಕಲಿತ ಕಸಬನ್ನೂ ಕಲಿಸಿದವರ ಹೆಸರನ್ನೂ ತಾಯಿಯ ತವರೂರನ್ನೂ ಕೇಳಿ ಈಗಲೇ ಬರೆದಿಡತಕ್ಕುದು. ಹಿಂದಿನವರು ಬರೆಯದೆ ಹೋದುದನ್ನು ತರುವ ಉಪಾಯವಿಲ್ಲ. ಇಂದಿನವರು ಬರೆದುದು ಮುಂದಿನವರಿಗೆ ಪೂರ್ವಿಕರನ್ನು ಮುಟ್ಟುವ ಹರಿಗೋಲಾಗುವುದು.