ಉಸಿರಿನ ಹದ: ಮೋಟಾರ್‌ಸೈಕಲ್ ಟ್ಯೂನಿಂಗ್ ನಡೆದುಬಂದ ದಾರಿ

ಬೈಕಿನ ಪಿಕಪ್ ಹೆಚ್ಚಬೇಕಾದರೆ ಸೈಲೆನ್ಸರ್ ಬದಲಿಸಬೇಕು, ಏರ್ ಫಿಲ್ಟರ್ ಡಬ್ಬಿ ಕಿತ್ತು ಬಯಲು ಫಿಲ್ಟರ್ ಕೂರಿಸಬೇಕು ಎಂಬ ಮಾತು ನಮ್ಮ ಗ್ಯಾರೇಜುಗಳಲ್ಲಿ ದಶಕಗಳಿಂದ ಚಾಲ್ತಿಯಲ್ಲಿದೆ. ಎಂಜಿನ್ ಒಳಗೆಳೆಯುವ ಗಾಳಿಗೂ ಹೊರದಬ್ಬುವ ಹೊಗೆಗೂ ಅಡ್ಡಿ ಕಡಿಮೆಯಾದಷ್ಟೂ ಶಕ್ತಿ ಹೆಚ್ಚುತ್ತದೆ ಎಂಬುದು ಅದರ ಹಿಂದಿನ ತರ್ಕ. ಅದರಲ್ಲಿ ಸತ್ಯದ ಒಂದು ಪಾಲು ಇದೆ, ಆದರೆ ಮುಖ್ಯವಾದ ಪಾಲು ಬಿಟ್ಟುಹೋಗಿದೆ. ಕಳೆದ ಎಂಬತ್ತು ತೊಂಬತ್ತು ವರ್ಷಗಳಲ್ಲಿ ಈ ವಿದ್ಯೆ ಇಟ್ಟ ದೊಡ್ಡ ಹೆಜ್ಜೆಗಳನ್ನು ಒಂದೊಂದಾಗಿ ನೋಡಿದರೆ, ಬರೀ ದಾರಿ ಅಗಲಿಸಿ ಗೆದ್ದವರು ವಿರಳ. ಕೊಳವೆಯೊಳಗೆ ಓಡಾಡುವ ಒತ್ತಡದ ಅಲೆಗಳು ಸರಿಯಾದ ಗಳಿಗೆಗೆ ಮರಳುವಂತೆ ಮಾಡಿದವರು, ಮಾಡಿದ್ದನ್ನು ಅಳೆದು ನೋಡಿದವರು ಗೆದ್ದಿದ್ದಾರೆ. ಈ ವಿದ್ಯೆಯ ತಿರುಳು ವೇಳೆಯನ್ನು ಹೊಂದಿಸುವುದರಲ್ಲಿದೆ ಎಂಬುದೇ ಈ ಲೇಖನದ ವಾದ.

ವೇಳೆಯ ಮಾತು ಯಾಕೆ ಬರುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಎಕ್ಸಾಸ್ಟ್ ವಾಲ್ವ್ ತೆರೆದೊಡನೆ ಒತ್ತಡದ ಅಲೆಯೊಂದು ಬಿಸಿ ಅನಿಲದಲ್ಲಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಪೈಪಿನುದ್ದಕ್ಕೂ ಓಡುತ್ತದೆ. ಪೈಪು ಬಯಲಿಗೆ ತೆರೆದುಕೊಂಡಲ್ಲಿ ಅದು ಮಾಯವಾಗದೆ, ದಬ್ಬುವ ಅಲೆಯಾಗಿ ಹೋದದ್ದು ಎಳೆಯುವ ಅಲೆಯಾಗಿ ವಾಲ್ವಿನತ್ತ ಮರಳುತ್ತದೆ. ಒಂದು ಮೀಟರ್ ಪೈಪಿನಲ್ಲಿ ಹೋಗಿಬರಲು ಸುಮಾರು 4 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 10,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಅಷ್ಟರಲ್ಲಿ 240 ಡಿಗ್ರಿ ತಿರುಗಿರುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತ, ಇನ್‌ಟೇಕ್ ವಾಲ್ವ್ ತೆರೆಯುತ್ತ, ಎರಡೂ ಚೂರು ತೆರೆದಿರುವ ಹೊತ್ತು ಹೆಚ್ಚುಕಡಿಮೆ ಅದೇ. ಆಗ ಬಂದ ಎಳೆಯುವ ಅಲೆ ಉಳಿದ ಹೊಗೆಯನ್ನು ಸೆಳೆದುಕೊಂಡು, ಹೊಸ ಗಾಳಿಯನ್ನೂ ಒಳಗೆ ಕರೆತರುತ್ತದೆ. ಅದೇ ಎಂಜಿನ್ 5,000 ಸುತ್ತಿನಲ್ಲಿ ಓಡುವಾಗ ಮೊದಲ ಅಲೆ 120 ಡಿಗ್ರಿಗೇ ಬಂದು, ವಾಲ್ವಿಗೆ ಬಡಿದು ಮತ್ತೆ ಪೈಪಿನ ತುದಿಗೆ ಹೋಗಿ, 240 ಡಿಗ್ರಿಯ ಹೊತ್ತಿಗೆ ದಬ್ಬುವ ಅಲೆಯಾಗಿ ಮರಳುತ್ತದೆ. ಉಯ್ಯಾಲೆಯನ್ನು ತಪ್ಪು ಗಳಿಗೆಯಲ್ಲಿ ತಳ್ಳಿದಂತೆ, ಹೊರಹೋಗಬೇಕಾದ ಹೊಗೆಯನ್ನು ಅದು ಸಿಲಿಂಡರಿಗೇ ನೂಕುತ್ತದೆ. ಒಂದು ವೇಗದಲ್ಲಿ ನೆರವಾದ ಪೈಪೇ ಇನ್ನೊಂದು ವೇಗದಲ್ಲಿ ತೊಡಕಾಗುವುದು ಹೀಗೆ. ಕಾರ್ಬೊರೇಟರಿನ ಬಾಯಿಂದ ವಾಲ್ವಿನವರೆಗಿನ ಇನ್‌ಟೇಕ್ ಕೊಳವೆಗೂ ಇದೇ ನಿಯಮ ಅನ್ವಯಿಸುತ್ತದೆ.

ಇದನ್ನು ಮೊದಲು ಅನುಭವದಿಂದ ಕಂಡುಕೊಂಡವರು ಬ್ರಿಟನ್ನಿನ ರೇಸ್ ವಿಭಾಗದವರು. 1930ರ ದಶಕದಿಂದ ನಾರ್ಟನ್ ಮುಂತಾದ ರೇಸ್ ಬೈಕುಗಳ ಪೈಪಿನ ತುದಿಗೆ ಅಗಲವಾಗುತ್ತ ಹೋಗುವ ಮೆಗಾಫೋನ್ ಬಂತು. ಹಂತಹಂತವಾಗಿ ಅಗಲವಾಗುವ ಆಕಾರದಲ್ಲಿ ಮರಳುವ ಅಲೆ ಬಲವಾಗಿಯೂ ದೀರ್ಘವಾಗಿಯೂ ಇರುತ್ತದೆ, ಹಾಗಾಗಿ ಮೇಲಿನ ವೇಗದಲ್ಲಿ ಶಕ್ತಿ ಎದ್ದು ಕಾಣುವಂತೆ ಏರಿತು. ಅದರ ಬೆನ್ನಿಗೇ ಕೆಳಗಿನ ವೇಗದಲ್ಲಿ ಎಂಜಿನ್ ಮುಗ್ಗರಿಸುವ ಕಾಯಿಲೆಯೂ ಬಂತು. ಸವಾರರು ಅದಕ್ಕೆ ಮೆಗಾಫೋನೈಟಿಸ್ ಎಂದೇ ಹೆಸರಿಟ್ಟರು. ತಿರುವುಗಳಲ್ಲಿ ಕ್ಲಚ್ ಜಾರಿಸುತ್ತ ಎಂಜಿನ್ನಿನ ಸುತ್ತು ಇಳಿಯದಂತೆ ಕಾಯುವುದು ಅವರ ಕಸುಬಿನ ಭಾಗವಾಯಿತು. ಮುಂದೆ ಮೆಗಾಫೋನಿನ ಕೊನೆಗೆ ಒಳಮುಖವಾಗಿ ಕಿರಿದಾಗುವ ಗಿಡ್ಡ ಕೋನ್ ಸೇರಿಸಿ ಈ ಕಾಯಿಲೆಯನ್ನು ಪಳಗಿಸಲಾಯಿತು. ಶಕ್ತಿಯ ಶಿಖರ ಕೊಂಚ ತಗ್ಗಿದರೂ ಬೈಕು ಓಡಿಸಲು ಸುಲಭವಾಯಿತು. ಹೊರದಾರಿಯನ್ನು ತುಸು ಬಿಗಿ ಮಾಡಿದ್ದರಿಂದಲೇ ಲಾಭವಾದ ಮೊದಲ ದೊಡ್ಡ ಪಾಠವಿದು.

ಊಹೆಯ ಈ ಕಸುಬನ್ನು ಶಾಸ್ತ್ರವಾಗಿಸಿದ ಹೆಸರು ವಾಲ್ಟರ್ ಕಾಡೆನ್. ಪೂರ್ವ ಜರ್ಮನಿಯ ಚೋಪಾವ್ ಊರಿನ ಎಂಝಡ್ ಕಾರ್ಖಾನೆಯ ರೇಸ್ ವಿಭಾಗವನ್ನು 1950ರ ದಶಕದಲ್ಲಿ ವಹಿಸಿಕೊಂಡ ಅವರ ಕೈಯಲ್ಲಿ ಹಣವೂ ಕಡಿಮೆ, ಒಳ್ಳೆಯ ಸಾಮಗ್ರಿಯೂ ಕಡಿಮೆ. ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವುಗಳ ಬದಲು ಸಿಲಿಂಡರಿನ ಗೋಡೆಯಲ್ಲಿ ಪೋರ್ಟ್ ಎಂಬ ತೂತುಗಳಿರುವ ಕಾರಣ ಹೊಸ ಮಿಶ್ರಣದ ಒಂದು ಪಾಲು ಹೊಗೆಯೊಂದಿಗೇ ಸೋರಿಹೋಗುತ್ತದೆ. ಕಾಡೆನ್ ಆಸಿಲೊಸ್ಕೋಪಿನಲ್ಲಿ ಪೈಪಿನೊಳಗಿನ ಅಲೆಗಳನ್ನು ಕಂಡು, ಮೊದಲು ಅಗಲವಾಗಿ ಆಮೇಲೆ ಕಿರಿದಾಗುವ ಎಕ್ಸ್‌ಪಾನ್ಷನ್ ಚೇಂಬರನ್ನು ಆ ಅಲೆಗಳಿಗೆ ತಕ್ಕಂತೆ ರೂಪಿಸಿದರು. ಅಗಲವಾಗುವ ಭಾಗ ಹೊಗೆಯನ್ನು ಎಳೆಯುತ್ತದೆ. ಕಿರಿದಾಗುವ ಭಾಗ ಕಳಿಸುವ ದಬ್ಬುವ ಅಲೆ, ಪೋರ್ಟ್ ಮುಚ್ಚುವ ಕೊನೆಯ ಗಳಿಗೆಯಲ್ಲಿ ಬಂದು, ಹೊರಗೆ ಸೋರಿದ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತುಂಬುತ್ತದೆ. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು, ಅಂದರೆ ಲೀಟರಿಗೆ 200. ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಂಝಡ್‌ನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ಗ್ರ್ಯಾನ್ ಪ್ರಿಯ ಸಂದರ್ಭದಲ್ಲಿ ಪಶ್ಚಿಮಕ್ಕೆ ತಪ್ಪಿಸಿಕೊಂಡು, ಈ ತಿಳಿವಳಿಕೆಯನ್ನು ಸುಜುಕಿಗೆ ಒಯ್ದರು. ಮರುವರ್ಷವೇ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತು. ಹೊರದಾರಿಯನ್ನು ಬಿಚ್ಚಿಟ್ಟಷ್ಟೂ ಲಾಭ ಎಂಬ ನಂಬಿಕೆಯನ್ನು ಈ ಚೇಂಬರಿಗಿಂತ ಸ್ಪಷ್ಟವಾಗಿ ಅಲ್ಲಗಳೆಯುವ ವಸ್ತು ಇಲ್ಲ, ಏಕೆಂದರೆ ಅದರ ಶಕ್ತಿಯ ದೊಡ್ಡ ಗುಟ್ಟು ಅದರ ಕಿರಿದಾದ ಬಾಲದಲ್ಲಿದೆ.

ಈ ಟೂ ಸ್ಟ್ರೋಕ್ ಪರಂಪರೆ ನಮ್ಮಲ್ಲೂ ಬೇರೂರಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ 250 ಸಿಸಿ ಬೈಕುಗಳಲ್ಲಿ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಅವುಗಳ ಒಳಗಿನ ಬ್ಯಾಫಲ್ ಕಿತ್ತುಹಾಕಿದರೆ ಸದ್ದು ಹೆಚ್ಚುತ್ತಿತ್ತು. ಆದರೆ ಮಿಶ್ರಣವನ್ನು ತಡೆದು ಹಿಡಿಯುವ ಹಿನ್ನೊತ್ತಡವೂ ಬದಲಾಗುತ್ತಿದ್ದುದರಿಂದ ಏರು ಹತ್ತುವ ಬಲ ಕುಗ್ಗುವ ಅಪಾಯವಿತ್ತು. 1983ರಲ್ಲಿ ಬಂದ ರಾಜದೂತ್ 350 ಇನ್ನೊಂದು ಪಾಠ. ಜಪಾನಿನ ಮೂಲ ಯಮಹಾ ಆರ್‌ಡಿ 350 ಸುಮಾರು 39 ಅಶ್ವಶಕ್ತಿಯದಾದರೆ, ಮೈಲೇಜಿಗಾಗಿ ಬೇಕೆಂದೇ ತಗ್ಗಿಸಿದ ಭಾರತದ ಮಾದರಿಗಳಲ್ಲಿ ಇದ್ದದ್ದು 30.5 ಮತ್ತು 27. ಇಂಥ ಎಂಜಿನ್ನಿನಲ್ಲಿ ಅಡಗಿದ ಶಕ್ತಿ ಇತ್ತು. ಪೋರ್ಟುಗಳ ಎತ್ತರ, ಚೇಂಬರಿನ ಅಳತೆ, ಕಾರ್ಬೊರೇಟರಿನ ಜೆಟ್ ಮೂರನ್ನೂ ಒಟ್ಟಿಗೆ ತಿದ್ದಿದವರಿಗೆ ಅದು ಸಿಕ್ಕಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಬೆಂಗಳೂರಿನಂಥ ನಗರಗಳಲ್ಲಿ ಡ್ರ್ಯಾಗ್ ರೇಸಿನ ಹುಚ್ಚನ್ನು ಬೆಳೆಸಿದ್ದೂ ಇದೇ ಮೂರರ ಹೊಂದಾಣಿಕೆಯಿಂದ. ನಮ್ಮ ಒಳ್ಳೆಯ ಮೆಕ್ಯಾನಿಕ್‌ಗಳು ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿಯೇ ಮಿಶ್ರಣದ ಹದ ಹೇಳಬಲ್ಲವರಾಗಿದ್ದರು. ಅದೂ ಒಂದು ಅಳತೆಯೇ, ಗೌರವಿಸಬೇಕಾದ ವಿದ್ಯೆಯೇ.

ಅಷ್ಟರಲ್ಲಿ ಹೊರಗಿನ ಜಗತ್ತಿನಲ್ಲಿ ಪ್ರಶ್ನೆ ಬದಲಾಗಿತ್ತು. ಒಂದು ಅಳತೆ ಒಂದೇ ವೇಗಕ್ಕೆ ಹೊಂದುವುದಾದರೆ, ಅಳತೆಯನ್ನೇ ಓಡುತ್ತ ಬದಲಿಸಬಾರದೇಕೆ? ಆ ಪ್ರಶ್ನೆಗೂ ಮುನ್ನ, 1970ರ ದಶಕದ ಆರಂಭದಲ್ಲಿ, ಜಪಾನಿನ ಟ್ಯೂನರ್ ಹಿಡಿಯೊ ಯೊಶಿಮುರಾ ಹೋಂಡಾ ಸಿಬಿ 750ಯ ನಾಲ್ಕು ಪೈಪುಗಳನ್ನು ಒಂದಕ್ಕೆ ಕೂಡಿಸಿ, ಒಂದು ಸಿಲಿಂಡರಿನ ಅಲೆ ಮತ್ತೊಂದಕ್ಕೆ ನೆರವಾಗುವಂತೆ ಮಾಡಿದರು. 1975ರಲ್ಲಿ ಹೋಂಡಾ ಸಿಬಿ 400 ಎಫ್ ಇಂಥ ಪೈಪಿನೊಂದಿಗೇ ಕಾರ್ಖಾನೆಯಿಂದ ಹೊರಬಂತು. ಓಡುತ್ತಲೇ ಅಳತೆ ಬದಲಿಸುವ ದಾರಿಯಲ್ಲಿ ಯಮಹಾ, ಟೂ ಸ್ಟ್ರೋಕ್ ಪೋರ್ಟಿನ ಎತ್ತರವನ್ನು ವೇಗಕ್ಕೆ ತಕ್ಕಂತೆ ಬದಲಿಸುವ ಪವರ್ ವಾಲ್ವ್ ತಂದಿತು. 1987ರಲ್ಲಿ ಫೋರ್ ಸ್ಟ್ರೋಕ್ ಪೈಪಿನೊಳಗೇ ಎಕ್ಸಪ್ ಎಂಬ ವಾಲ್ವ್ ಕೂರಿಸಿ, ಕೆಳವೇಗದಲ್ಲಿ ಹಾನಿ ಮಾಡುವ ಅಲೆಯನ್ನು ಅದು ಅರ್ಧ ಮುಚ್ಚಿ ತಡೆಯುವಂತೆ ಮಾಡಿತು. ಯಮಹಾದ 2007ರ ಆರ್ 1 ಬೈಕಿನಲ್ಲಿ ಇನ್‌ಟೇಕ್ ಕೊಳವೆಯ ಉದ್ದವೇ ಓಡುವಾಗ ಬದಲಾಯಿತು. 1990ರ ಕವಾಸಾಕಿ ಝಡ್‌ಎಕ್ಸ್-11 ಎದುರುಗಾಳಿಯನ್ನೇ ಎಂಜಿನ್ನಿಗೆ ತುಂಬುವ ರ‍್ಯಾಮ್ ಏರ್ ತಂದಿತು. ಅದರ ಮಿತಿಯನ್ನೂ ಲೆಕ್ಕ ಹೇಳುತ್ತದೆ: ಗಂಟೆಗೆ 300 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ವಾತಾವರಣದ ಒತ್ತಡದ ಶೇ. 4ರಷ್ಟು, 100 ಕಿ.ಮೀ. ವೇಗದಲ್ಲಿ ಶೇ. ಅರ್ಧಕ್ಕೂ ಕಡಿಮೆ. ಊರ ರಸ್ತೆಯ ಬೈಕಿಗೆ ಅಂಥ ಗಾಳಿಬಾಯಿ ಅಲಂಕಾರವಷ್ಟೇ.

ಇಲ್ಲಿ ಒಂದು ತೂಕದ ಆಕ್ಷೇಪವಿದೆ. ಕಂಪನಿಗಳು ಬೈಕನ್ನು ರೂಪಿಸುವುದು ಶಕ್ತಿಗಾಗಿ ಮಾತ್ರವಲ್ಲ, ಮೈಲೇಜಿಗಾಗಿಯೂ, ಸದ್ದು ಮತ್ತು ಹೊಗೆಯ ನಿಯಮಗಳಿಗಾಗಿಯೂ. ಆ ಕಟ್ಟು ಬಿಚ್ಚಿದರೆ ಶಕ್ತಿ ಸಿಗಲೇಬೇಕಲ್ಲವೇ? ಸಿಗಬಹುದು, ರಾಜದೂತ್ 350 ಅದಕ್ಕೆ ಸಾಕ್ಷಿ. ಆದರೆ ಗಾಳಿಯ ಪ್ರಮಾಣ ಬದಲಾದಾಗ ಪೆಟ್ರೋಲಿನದೂ ಬದಲಾಗಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು. ಹೆಚ್ಚಿನ ಶಕ್ತಿ ಸಿಗುವುದು 13 ಪಾಲಿನ ಆಸುಪಾಸಿನಲ್ಲಿ. ಪೆಟ್ರೋಲ್ ಕಡಿಮೆ ಬಿದ್ದರೆ ಎಂಜಿನ್ ಕಾಯುತ್ತದೆ, ವಾಲ್ವ್ ಮತ್ತು ಪಿಸ್ಟನ್ ಹಾಳಾಗುತ್ತವೆ. ಈಗಿನ ಇಂಜೆಕ್ಷನ್ ಬೈಕುಗಳ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಎಲ್ಲವನ್ನೂ ತಾನೇ ಸರಿದೂಗಿಸುತ್ತದೆ ಎಂಬುದೂ ಅರ್ಧ ಮಾತ್ರ ನಿಜ. ಸಾಮಾನ್ಯವಾಗಿ ಆಮ್ಲಜನಕ ಸೆನ್ಸರಿನ ಮಾತು ಕೇಳಿ ಅದು ತಿದ್ದಿಕೊಳ್ಳುವುದು ಹಗುರ ಓಟದಲ್ಲಿ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಅದು ಅನುಸರಿಸುವುದು ಕಾರ್ಖಾನೆಯಲ್ಲಿ ಬರೆದ ಕೋಷ್ಟಕವನ್ನು, ಆ ಕೋಷ್ಟಕಕ್ಕೆ ಹೊಸ ಪೈಪಿನ ಸುದ್ದಿ ಗೊತ್ತಿರುವುದಿಲ್ಲ.

ಬದಲಾವಣೆಯ ಬಳಿಕ ಬೈಕು ಜೋರಾಗಿ ಓಡುವುದು ಅನುಭವಕ್ಕೇ ಬರುತ್ತದೆ ಎನ್ನುವವರೂ ಇದ್ದಾರೆ. ಸದ್ದು ಹೆಚ್ಚಿದಾಗ ವೇಗ ಹೆಚ್ಚಿದಂತೆ ತೋರುತ್ತದೆ; ಮಧ್ಯದ ವೇಗದಲ್ಲಿ ಬಲ ಕುಸಿದು ಮೇಲೆ ಒಮ್ಮೆಲೇ ಏರಿದರೆ, ಆ ಏರು ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೈಯ ಅನುಭವ ಸುಳ್ಳಲ್ಲ, ಆದರೆ ಅದು ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಯಂತ್ರ ಬಿಡಿಸುವ ಪೂರ್ತಿ ಗ್ರಾಫಿಗೆ ಬದಲಿಯಾಗದು. ಸದ್ದಿಗೆ ಬೆಲೆ ತೆರುವವರು ಬೀದಿಯ ಜನ: ಮಲಗಿದ ಮಗು, ಆಸ್ಪತ್ರೆಯ ರೋಗಿ, ಪರೀಕ್ಷೆಗೆ ಓದುವ ವಿದ್ಯಾರ್ಥಿ. ಕಾನೂನು ಗಟ್ಟಿಯಾಗಿರುವುದೂ ಇದಕ್ಕೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ಬಳಿಕ ಸದ್ದು ಮತ್ತು ಹೊಗೆಯ ನಿಯಮ ಮುರಿದವರಿಗೆ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡವೋ ಮೂರು ತಿಂಗಳವರೆಗೆ ಜೈಲೋ ಆಗಬಹುದು. 2020ರ ಏಪ್ರಿಲಿನಿಂದ ಬಿಎಸ್ 6 ನಿಯಮ ಜಾರಿಯಲ್ಲಿದ್ದು, ಸೈಲೆನ್ಸರಿನೊಂದಿಗೆ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕಿತ್ತರೆ ವಿಷದ ಹೊಗೆ ನೇರವಾಗಿ ಜನರ ಶ್ವಾಸಕೋಶಕ್ಕೆ ಹೋಗುತ್ತದೆ.

ಹಾಗೆಂದು ಈ ವಿದ್ಯೆಯನ್ನೇ ಮೂಲೆಗೆ ತಳ್ಳಿದರೆ ನಷ್ಟ ನಮ್ಮದೇ. ಬಡ ಕಾರ್ಖಾನೆಯೊಂದರಲ್ಲಿ ಕುಳಿತು ಜಗತ್ತಿನ ಎಂಜಿನ್‌ಗಳನ್ನು ಬದಲಿಸಿದ ಕಾಡೆನ್ ಅವರ ಬಂಡವಾಳ ಗಮನ, ಲೆಕ್ಕ, ತಾಳ್ಮೆ ಮಾತ್ರ. ಅವು ನಮ್ಮ ಹುಡುಗರಲ್ಲೂ ಇವೆ. ಅವರ ಉತ್ಸಾಹಕ್ಕೆ ಬೇಕಾದದ್ದು ರೇಸ್ ಟ್ರ್ಯಾಕಿನ ದಾರಿ, ಕೈಗೆಟಕುವ ದರದ ಡೈನೊ, ಅಲೆಯ ಲೆಕ್ಕ ಕಲಿಸುವ ಪಾಲಿಟೆಕ್ನಿಕ್ ಪಾಠ. ಪೈಪು ಮಾರುವವರು ಶಿಖರದ ಒಂದು ಅಂಕಿಯ ಬದಲು, ಕೆಳಗಿನಿಂದ ಮೇಲಿನವರೆಗೆ ಎಲ್ಲ ವೇಗಗಳ ಮೊದಲಿನ ಮತ್ತು ಆಮೇಲಿನ ಗ್ರಾಫ್ ಕೊಡಲಿ; ಕೊಳ್ಳುವವರೂ ಅದನ್ನೇ ಕೇಳಲಿ. ಆ ಕೇಳುವಿಕೆ ರೂಢಿಯಾದರೆ ಬರೀ ಸದ್ದು ಮಾರುವ ಪೈಪುಗಳಿಗೆ ಗಿರಾಕಿ ತಾನಾಗಿಯೇ ಕಡಿಮೆಯಾಗುತ್ತಾರೆ, ಅಳೆದು ತಿದ್ದುವ ಮೆಕ್ಯಾನಿಕ್‌ಗೆ ಅವನ ವಿದ್ಯೆಗೆ ತಕ್ಕ ಬೆಲೆ ಬರುತ್ತದೆ.