ನೇಗಿಲ ಗೆರೆಯೂ ಕೆರೆಯ ಏರಿಯೂ

ಇತಿಹಾಸವೆಂದೊಡನೆ ನಮ್ಮ ಗಮನ ಕೋಟೆ, ದೇಗುಲಗಳತ್ತ ಹರಿಯುತ್ತದೆ. ಒಕ್ಕಲಿಗನು ಮಣ್ಣಿನಲ್ಲಿ ಉಳಿಸಿಹೋದ ಗುರುತುಗಳನ್ನು ಓದುವವರು ವಿರಳ. ಇಂಗ್ಲೆಂಡಿನ ನಡುನಾಡಿನ ಲೆಸ್ಟರ್‌ಷೈರ್, ನಾರ್ಥಾಂಪ್ಟನ್‌ಷೈರ್ ಸೀಮೆಗಳಲ್ಲಿ ಅಂತಹ ಗುರುತುಗಳು ಇಂದಿಗೂ ಉಂಟು. ಅಲ್ಲಿನ ಕೆಲವು ಹುಲ್ಲುಗಾವಲುಗಳ ಮೇಲೆ ಸಂಜೆಯ ಓರೆಬಿಸಿಲು ಬಿದ್ದಾಗ ಉದ್ದನೆಯ ದಿಣ್ಣೆಗಳೂ ಅವುಗಳ ನಡುವಣ ತಗ್ಗುಗಳೂ ಅಲೆಗಳಂತೆ ಎದ್ದು ತೋರುತ್ತವೆ. ಮಧ್ಯಯುಗದ ರೈತರ ಭಾರವಾದ ನೇಗಿಲು ಮಣ್ಣನ್ನು ಒಂದೇ ಪಕ್ಕಕ್ಕೆ ಮಗುಚುತ್ತಿತ್ತು. ವರ್ಷವರ್ಷವೂ ಹೊಲದ ಪಟ್ಟಿಯ ನಡುವಿಗೆ ಮಣ್ಣು ಸೇರಿಸೇರಿ ದಿಣ್ಣೆಯಾಯಿತು.

ಉದ್ದನಪಲ್ಲಿಯ ಸುತ್ತಿನ ಹೊಲಗಳಲ್ಲಿ ಅಂತಹ ದಿಣ್ಣೆಗಳನ್ನು ಅರಸಿ ಫಲವಿಲ್ಲ. ನಮ್ಮವರ ಮರದ ನೇಗಿಲು ನೆಲವನ್ನು ಸೀಳುತ್ತಿತ್ತು, ಮಗುಚುತ್ತಿರಲಿಲ್ಲ. ಹಾಗಾದರೆ ಹೊಸೂರು, ರಾಯಕೋಟೆಗಳ ನಡುವಣ ಈ ನಾಡಿನಲ್ಲಿ ಹಳೆಯ ಬೇಸಾಯದ ಮಣ್ಣಿನ ಸಾಕ್ಷ್ಯ ಯಾವುದು? ಕೆರೆಯ ಏರಿಯೇ ಆ ಸಾಕ್ಷ್ಯ. ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ, ತೂಬಿನಿಂದ ಗದ್ದೆಗೆ ನೀರು ಬಿಟ್ಟು, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವಂತೆ ಮಾಡಿದುದು ದಕ್ಷಿಣದ ಬೇಸಾಯದ ಕ್ರಮ. ಕನ್ನಡ, ತೆಲುಗು, ತಮಿಳು ಕೂಡುವ ಈ ಎಡೆಯಲ್ಲಿ ಒಂದು ಮಾತಿನ ನಡೆಯನ್ನೂ ಗಮನಿಸಬಹುದು: ಕನ್ನಡಿಗರಿಗೆ ‘ಏರಿ’ ಎಂದರೆ ಕೆರೆಯ ಕಟ್ಟೆ, ತಮಿಳರಿಗೆ ಕೆರೆಯೇ ‘ಏರಿ’. ಕಟ್ಟೆಯಿಲ್ಲದೆ ಕೆರೆಯಿಲ್ಲವಷ್ಟೆ!

ಅದರ ಹಿಂದಿನ ದುಡಿಮೆ ಸಾಮಾನ್ಯವಲ್ಲ. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಶಾಸನವು, ದಿನವೂ 1000 ಆಳುಗಳೂ ಕಲ್ಲು ಸಾಗಿಸಲು 100 ಬಂಡಿಗಳೂ ಎರಡು ವರ್ಷ ದುಡಿದುದನ್ನು ಹೇಳುತ್ತದೆ. ಆದರೆ ಕಟ್ಟಿದ ಮಾತ್ರಕ್ಕೆ ಕೆರೆ ಉಳಿಯದು. ಹೂಳು ತುಂಬುತ್ತದೆ, ಏರಿ ಬಿರಿಯುತ್ತದೆ. ಇದನ್ನು ಬಲ್ಲ ಹಿರಿಯರು ಕೆರೆ ಕಟ್ಟಿಸಿದವರಿಗೂ ಕಾಪಾಡುವವರಿಗೂ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಕನ್ನಡ ಶಾಸನಗಳ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ಗಳು ಈ ವ್ಯವಸ್ಥೆಯ ಹೆಸರುಗಳು.

ಇಲ್ಲಿಯೇ ಎರಡು ನಾಡುಗಳ ಭೇದವಿದೆ. ಇಂಗ್ಲೆಂಡಿನ ದಿಣ್ಣೆಗಳು ಉಳಿದುದು ಉಳುಮೆ ನಿಂತುದರಿಂದ. ಹೊಲಗಳು ಕುರಿಗಳ ಹುಲ್ಲುಗಾವಲಾದ ಮೇಲೆ ಅವನ್ನು ಕದಲಿಸುವವರೇ ಇರಲಿಲ್ಲ. ಮತ್ತೆ ಆಳವಾಗಿ ಉತ್ತಲ್ಲೆಲ್ಲ ಅವು ಅಳಿದುವು. ನಮ್ಮ ಏರಿಗಳಾದರೋ ತಲೆತಲಾಂತರ ಮಣ್ಣು ಹಾಕಿದ ಕೈಗಳಿಂದ ಉಳಿದಿವೆ. ಅಲ್ಲಿ ಮುಟ್ಟದಿರುವುದೇ ರಕ್ಷಣೆ; ಇಲ್ಲಿ ಮುಟ್ಟದಿರುವುದೇ ನಾಶ. ಕೊಳವೆಬಾವಿ ಬಂದ ಮೇಲೆ ಕೆರೆಯನ್ನು ಮರೆತ ಊರುಗಳು ನೀರನ್ನಷ್ಟೇ ಅಲ್ಲ, ತಮ್ಮ ಚರಿತ್ರೆಯ ಪುಟವನ್ನೂ ಕಳೆದುಕೊಳ್ಳುತ್ತಿವೆ. ನಮ್ಮ ತರುಣರು ತಮ್ಮ ತಮ್ಮ ಊರಿನ ಕೆರೆ, ತೂಬು, ಕೋಡಿಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡಲಿ. ಅದರೊಡನೆ ಒಂದು ಬುಟ್ಟಿ ಹೂಳನ್ನೂ ಎತ್ತಿದರೆ ಆ ಇತಿಹಾಸ ಮುಂದುವರಿದೀತು.