ಶುಗರ್ ಕಾಲಿನ ಗಾಯ: ಆ್ಯಂಟಿಬಯೋಟಿಕ್ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು?

ಪುಣೆಯಲ್ಲಿರೋರು ಪಿಂಪ್ರಿಯ 'ಎಚ್.ಎ. ಕಾಲೊನಿ' ಹೆಸರು ಕೇಳಿರ್ತೀರಿ. ಎಚ್.ಎ. ಅಂದ್ರೆ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಶುರುವಾದ ಈ ಸರ್ಕಾರಿ ಕಾರ್ಖಾನೆ 1955ರಿಂದ ಪೆನಿಸಿಲಿನ್ ತಯಾರಿಸಿತು. ಆದರೆ ಶುಗರ್ ಇರುವವರ ಕಾಲು ಉಳಿಸೋಕೆ ಇಂಥ ಔಷಧ ಒಂದೇ ಸಾಕಾಯ್ತಾ? ಇಲ್ಲ. ಯಾಕೆ ಅಂತ ನೋಡೋಣ.

ಸ್ವಲ್ಪ ಹಿಂದೆ ಹೋಗೋಣ. 1922ರಲ್ಲಿ ಟೊರೊಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಕೊಟ್ಟರು. ಅಲ್ಲಿಂದ ಡಯಾಬಿಟಿಕ್ ಕೋಮಾದ ಸಾವುಗಳು ಕಡಿಮೆಯಾದವು, ಜನ ಹೆಚ್ಚು ವರ್ಷ ಬದುಕಿದರು. ಆದರೆ ಆ ವರ್ಷಗಳಲ್ಲೇ ಸಕ್ಕರೆ ಸದ್ದಿಲ್ಲದೆ ನರಗಳನ್ನೂ ರಕ್ತನಾಳಗಳನ್ನೂ ಹಾಳು ಮಾಡ್ತಾ ಇತ್ತು. ಒಂದು ಬಗ್ ಫಿಕ್ಸ್ ಆದ ಮೇಲೆ ಹಿಂದೆ ಅಡಗಿದ್ದ ಇನ್ನೊಂದು ಹೊರಗೆ ಬಂದ ಹಾಗೆ. 1934ರಲ್ಲಿ ಬೋಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್, ಗ್ಯಾಂಗ್ರೀನ್ ಸಾವುಗಳು ಹೆಚ್ಚುತ್ತಿವೆ ಎಂದು ಎಚ್ಚರಿಸಿದರು. ಇದು ಹಣೆಬರಹವಲ್ಲ, ಪಾದದ ಆರೈಕೆಯಿಂದ ತಡೆಯಬಹುದು ಅನ್ನೋದು ಅವರ ವಾದ.

1940ರ ದಶಕದಲ್ಲಿ ಪೆನಿಸಿಲಿನ್ ಬಂತು. ಸೋಂಕು ರಕ್ತಕ್ಕೆ ಹರಡಿ ಸಾಯುತ್ತಿದ್ದ ಎಷ್ಟೋ ಜನ ಬದುಕಿದರು. ಆದರೆ ಔಷಧ ಗಾಯದವರೆಗೆ ಹೋಗೋದು ರಕ್ತದ ಜೊತೆ. ರಕ್ತನಾಳವೇ ಕಟ್ಟಿಕೊಂಡಿದ್ದರೆ? ರೋಡ್ ಬ್ಲಾಕ್ ಆದರೆ ಡೆಲಿವರಿ ಹೇಗೆ ಆಗತ್ತೆ! ಸತ್ತ ಮಾಂಸಕ್ಕೂ ಔಷಧ ತಲುಪಲ್ಲ. ಅದನ್ನು ಕತ್ತರಿಸಿಯೇ ತೆಗೆಯಬೇಕು.

ಇನ್ನೊಂದು ಉತ್ತರ ಸಿಕ್ಕಿದ್ದು ಚೆನ್ನೈನಿಂದ ಹೆಚ್ಚು ದೂರವಿಲ್ಲದ ವೆಲ್ಲೂರಿನಲ್ಲಿ, ಅದೂ ಕುಷ್ಠರೋಗಿಗಳಿಂದ. 1946ರಲ್ಲಿ ಅಲ್ಲಿನ ಸಿಎಂಸಿಗೆ ಬಂದ ಸರ್ಜನ್ ಪಾಲ್ ಬ್ರ್ಯಾಂಡ್ ಒಂದು ವಿಷಯ ತೋರಿಸಿದರು: ರೋಗವೇ ಪಾದವನ್ನು ತಿಂದುಹಾಕೋದಲ್ಲ. ನೋವು ಗೊತ್ತಾಗದ ಕಾರಣ ಜನ ಗಾಯದ ಮೇಲೇ ನಡೀತಾರೆ, ಪಾದ ಹಾಳಾಗತ್ತೆ. ಪ್ಲಾಸ್ಟರ್ ಹಾಕಿ ಭಾರ ಹಂಚಿದರೆ ಹುಣ್ಣು ಮಾಯತ್ತೆ. 1960ರ ದಶಕದಲ್ಲಿ ಅವರು ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಇದೇ ಪಾಠ ಅಲ್ಲಿ ಶುಗರ್ ರೋಗಿಗಳ ಪಾದಕ್ಕೂ ಬಳಕೆಗೆ ಬಂತು.

ಇವತ್ತಿನ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಈ ಇತಿಹಾಸವೆಲ್ಲ ಇದೆ. ಸೋಂಕಿನ ಲಕ್ಷಣ ಇಲ್ಲದ ಹುಣ್ಣಿಗೆ ಆ್ಯಂಟಿಬಯೋಟಿಕ್ ಬೇಡ. ಚರ್ಮ, ಮಾಂಸದ ಸೋಂಕಿಗೆ ಸಾಮಾನ್ಯವಾಗಿ 1ರಿಂದ 2 ವಾರ. ಮೂಳೆಗೆ ಇಳಿದು, ಆಪರೇಷನ್ ಮಾಡದಿದ್ದರೆ ಸುಮಾರು 6 ವಾರ. ಯಾವ ಔಷಧ ಅನ್ನೋದನ್ನು ಗಾಯದ ಒಳಗಿನ ಮಾಂಸದ ಕಲ್ಚರ್ ನೋಡಿ ಡಾಕ್ಟರ್ ನಿರ್ಧರಿಸಬೇಕು. ಜೊತೆಗೆ ರಕ್ತದ ಹರಿವಿನ ಪರೀಕ್ಷೆ, ಸಕ್ಕರೆ ಹತೋಟಿ, ಗಾಯದ ಮೇಲೆ ಭಾರ ಬೀಳದ ಹಾಗೆ ವ್ಯವಸ್ಥೆ.

ನಾವೆಲ್ಲ ಊರು ಬಿಟ್ಟು ಬಂದೋರು. ಅಪ್ಪ ಅಮ್ಮ ಊರಲ್ಲಿ, ಮನೆಯೊಳಗೆ ಬರಿಗಾಲು. "ಸಣ್ಣ ಗಾಯ, ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ತಗೊಂಡೆ, ನೋವೇನೂ ಇಲ್ಲ" ಅಂತ ಫೋನಲ್ಲಿ ಹೇಳಿದರೆ ನಮಗೆ ಸಮಾಧಾನ. ಆದರೆ ಶುಗರ್ ಇರೋರ ಪಾದದಲ್ಲಿ ನೋವಿಲ್ಲ ಅನ್ನೋದೇ ಅಪಾಯದ ಸೂಚನೆ ಆಗಿರಬಹುದು. ಈ ಭಾನುವಾರ ವಿಡಿಯೋ ಕಾಲ್‌ನಲ್ಲಿ ಮುಖದ ಜೊತೆ ಅಂಗಾಲನ್ನೂ ತೋರಿಸೋಕೆ ಹೇಳಿ. ಗಾಯ ಕಂಡರೆ ಅವತ್ತೇ ಡಾಕ್ಟರ್ ಹತ್ತಿರ ಕಳಿಸಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.